ನಲವತ್ತೊಂದನೆಯ ಟ್ಯೂಬು

ಜನವರಿ 8

ಪ್ರೀತಿಯ ಮಿಡತೆಗೆ,

ನಿನ್ನ ದ್ವೀಪಕ್ಕೆ ದೋಣಿ ಹೋಗುವುದು ಹದಿನೈದು ದಿನಕ್ಕೊಮ್ಮೆ ಎಂದು ಗೊತ್ತಿದ್ದೂ ಇವತ್ತೇ ಬರೆಯಲು ಕೂತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಊಟ ಸೇರುವುದಿಲ್ಲ.

ನಮ್ಮ ಸಂಸ್ಥೆಗೆ ಹೊಸ ನಿರ್ದೇಶಕರು ಬಂದಿದ್ದಾರೆ. ಹೆಂಗಸು, ನನಗಿಂತ ಐದಾರು ವರ್ಷ ಚಿಕ್ಕವರು. ಬಂದ ಮೂರನೇ ವಾರಕ್ಕೆ ಎಲ್ಲರನ್ನೂ ಸಭಾಂಗಣಕ್ಕೆ ಕರೆದರು. ಇನ್ನು ಮೇಲೆ ಗುರುವಾರ ಊಟದ ನಂತರ ಯಾರೂ ಮಾಮೂಲಿ ಕೆಲಸ ಮಾಡಬಾರದಂತೆ. ವಿಜ್ಞಾನಿಗಳಿಂದ ಹಿಡಿದು ತೋಟದ ಮಾಲಿಯವರೆಗೆ ಪ್ರತಿಯೊಬ್ಬರೂ ತಮ್ಮದೇ ಒಂದು ಪ್ರಶ್ನೆ ಹಿಡಿದು ಅದರ ಹಿಂದೆ ಹೋಗಬೇಕಂತೆ. ಏಪ್ರಿಲ್‌ನಿಂದ ಒಬ್ಬೊಬ್ಬರಾಗಿ ಎಲ್ಲರೆದುರು ನಿಂತು ಹತ್ತು ನಿಮಿಷ ಹೇಳಬೇಕಂತೆ.

"ಏನು ತಪ್ಪಾಯ್ತು ಅನ್ನೋದನ್ನೂ ಹೇಳಿ. ಇಲ್ಲಿ ತಪ್ಪು ಹೇಳಿಕೊಂಡವರಿಗೆ ಶಿಕ್ಷೆ ಇಲ್ಲ," ಎಂದರು ಮೇಡಂ.

ಹಿಂದಿನ ಸಾಲಿನಿಂದ ಡ್ರೈವರ್, "ಹಾಗಾದ್ರೆ ಬರೆದು ಕೊಡಿ ಮೇಡಂ," ಎಂದ. ಎಲ್ಲರೂ ನಕ್ಕರು, ಮೇಡಂ ನಗಲಿಲ್ಲ. ಮಾರನೆಯ ದಿನ ನೋಟಿಸ್ ಬೋರ್ಡಿನಲ್ಲಿ ಅದೇ ಮಾತು, ಕೆಳಗೆ ಅವರ ಸಹಿ.

ಈಗ ಎಲ್ಲರ ಹತ್ತಿರವೂ ಒಂದೊಂದು ಪ್ರಶ್ನೆ ಇದೆ. ನಮ್ಮ ಗುಮಾಸ್ತರು ಒಂದು ಫೈಲು ಕೆಳಗಿನ ಮಹಡಿಯಿಂದ ಮೇಲಿನ ಮಹಡಿಗೆ ಹೋಗಲು ಎಷ್ಟು ದಿನ ತಗೊಳ್ಳುತ್ತದೆ ಎಂದು ಅಳೆಯುತ್ತಿದ್ದಾರೆ. ಹದಿನೇಳು ದಿನವಂತೆ. ಮೆಟ್ಟಿಲು ಇಪ್ಪತ್ತೆರಡು. "ದಿನಕ್ಕೊಂದು ಮೆಟ್ಟಿಲಿಗಿಂತ ಜೋರಾಗೇ ಓಡ್ತಿದೆ ಕಣ್ರೀ," ಎಂದು ಹೆಮ್ಮೆಪಡುತ್ತಾರೆ.

ನನ್ನ ಹತ್ತಿರ ಪ್ರಶ್ನೆ ಇಲ್ಲ. ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ನಿನಗೆ ಗೊತ್ತಿರುವುದೇ: ಇನ್ನೂರು ಬಗೆಯ ಪಾಚಿ, ತಿಂಗಳಿಗೊಮ್ಮೆ ಹಳೆಯ ಟ್ಯೂಬಿನಿಂದ ಒಂದು ಚಿಟಿಕೆ ತೆಗೆದು ಹೊಸ ಟ್ಯೂಬಿಗೆ ದಾಟಿಸುವುದು. ಏನೂ ಬದಲಾಗದಂತೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ನನ್ನ ಕೋಣೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು ಎಂದರೆ ನಾನು ಎಲ್ಲೋ ಕೆಲಸ ಕೆಡಿಸಿದ್ದೇನೆ ಎಂದೇ ಅರ್ಥ. ಇದನ್ನು ಮೇಡಂ ಹತ್ತಿರ ಹೇಗೆ ಹೇಳಲಿ? ಪ್ರಶ್ನೆ ಇಲ್ಲದವರು ಬೇಡದವರು ಎಂದುಕೊಂಡುಬಿಟ್ಟರೆ?

ನಿನ್ನ ಅಕ್ಕ


ಜನವರಿ 22

ಅಕ್ಕನಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ದೋಣಿಕಟ್ಟೆಯಲ್ಲೇ ನಿಂತು ಓದಿದೆ. ಇಲ್ಲಿ ನಾವು ಮೂರೇ ಜನ. ಹಾಗಾಗಿ ನಿಮ್ಮ ಡ್ರೈವರ್ ಮಾತನ್ನು ಊಟದ ಹೊತ್ತಿಗೆ ಎಲ್ಲರಿಗೂ ಹೇಳಿಯಾಯಿತು. ನಮ್ಮ ಮುಖ್ಯಸ್ಥರು ಎರಡು ದಿನದಿಂದ ಏನೇ ಕೇಳಿದರೂ "ಬರೆದು ಕೊಡಿ" ಎನ್ನುತ್ತಿದ್ದಾರೆ.

ಅಕ್ಕ, ನಿಮಗೆ ಪ್ರಶ್ನೆ ಇಲ್ಲ ಎಂದರೆ ನಾನು ನಂಬುವುದಿಲ್ಲ. ಒಂಬತ್ತು ವರ್ಷದ ಕೆಳಗೆ ನಾನು ತರಬೇತಿಗೆ ಬಂದ ಮೊದಲ ದಿನ ನೆನಪಿದೆಯೇ? ಈ ಬೆಂಚಿನಿಂದ ಆ ಬೆಂಚಿಗೆ ಹಾರಾಡುತ್ತಿದ್ದವಳನ್ನು ಹಿಡಿದು ಕೂರಿಸಿ, "ಮಿಡತೆ, ಮೊದಲು ನೋಡೋದು ಕಲಿ," ಎಂದಿರಿ. ಟ್ಯೂಬನ್ನು ಬೆಳಕಿಗೆ ಹಿಡಿದು, ಇದು ನಿನ್ನೆಗಿಂತ ಬೇಸರದಲ್ಲಿದೆ ಎಂದಿರಿ. ಎರಡು ದಿನ ಕಳೆದು ಅದರಲ್ಲಿ ಬೂಷ್ಟು ಕಾಣಿಸಿತು. ವಿಜ್ಞಾನಿಗಳಿಗೆ ಇಲ್ಲದ ಕಣ್ಣು ಅದು. ನಿಮ್ಮ ಹಳೆಯ ಚಿತ್ರದ ಪುಸ್ತಕಗಳಿವೆಯಲ್ಲ, ಪ್ರತಿ ವರ್ಷ ಜನವರಿಯಲ್ಲಿ ಒಂದೊಂದು ಪಾಚಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದಿರಿ. ಅವನ್ನು ತೆರೆದು ಕೂತುಕೊಳ್ಳಿ. ಪ್ರಶ್ನೆ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ.

ಇಲ್ಲಿ ಎಲ್ಲ ಎಂದಿನಂತೆ. ಕೊಳಗಳ ನೀರಿನ ಆಳ, ಬಿಸಿ, ಉಪ್ಪು. ದಿನಕ್ಕೆ ಮೂರು ಸಲ.

ನಿಮ್ಮ ಮಿಡತೆ


ಫೆಬ್ರವರಿ 5

ಮಿಡತೆ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಪ್ರಶ್ನೆ ಬಂತು!

ಚಿತ್ರದ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಒಂದೇ ಪಾಚಿಯ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ನೋಡುತ್ತ ಹೋದೆ. ಇಷ್ಟು ವರ್ಷ ಬಿಡಿಸಿದೆನೇ ಹೊರತು ಹಿಂದಿನದರ ಪಕ್ಕ ಇಟ್ಟು ನೋಡಿದ್ದಿಲ್ಲ. ನಲವತ್ತನೆಯ ಪಾಚಿಯವರೆಗೆ ಎಲ್ಲ ಸರಿ. ನಲವತ್ತೊಂದು ಮಾತ್ರ ಬೇರೆ! ಮೊದಲ ಹದಿಮೂರು ವರ್ಷ ಅದರ ಜೀವಕೋಶ ಒಂದು ಪಕ್ಕ ಸ್ವಲ್ಪ ಚಪ್ಪಟೆ, ಒಳಗೆ ಮಸುಕಾದ ಒಂದು ಚುಕ್ಕೆ. ಅಮ್ಮ ತೀರಿಕೊಂಡ ವರ್ಷ ಮತ್ತು ಅದರ ಮರುವರ್ಷ ನಾನು ಚಿತ್ರ ಬಿಡಿಸಿಲ್ಲ. ಅದರ ನಂತರದ ಚಿತ್ರಗಳಲ್ಲಿ ಕೋಶ ದುಂಡಗಿದೆ, ಚುಕ್ಕೆ ಇಲ್ಲ. ಇವತ್ತು ಟ್ಯೂಬು ತೆಗೆದು ನೋಡಿದೆ. ದುಂಡಗೇ ಇದೆ.

ಟ್ಯೂಬಿನಲ್ಲಿ ಬಾಳುತ್ತ ಬಾಳುತ್ತ ಒಂದು ಪಾಚಿ ತನ್ನ ರೂಪವನ್ನೇ ಬದಲಿಸಿಕೊಳ್ಳಬಹುದೇ? ಇದೇ ನನ್ನ ಪ್ರಶ್ನೆ.

ಮೇಡಂಗೆ ತೋರಿಸಿದೆ. ಕುರ್ಚಿ ಎಳೆದುಕೊಂಡು ಒಂದು ಗಂಟೆ ಕೂತರು. "ಇದನ್ನ ಇಷ್ಟು ದಿನ ಯಾಕೆ ಯಾರಿಗೂ ಹೇಳಿಲ್ಲ?" ಎಂದರು. "ಯಾರೂ ಕೇಳಿಲ್ಲ ಮೇಡಂ," ಎಂದೆ. ನಾನು ಜಂಬದಿಂದ ಹೇಳಿದ್ದಲ್ಲ, ಅದು ಇದ್ದದ್ದೇ ಹಾಗೆ. ಏಪ್ರಿಲ್‌ನ ಮೊದಲ ಗುರುವಾರ ನನ್ನದೇ ಮೊದಲ ಮಾತು ಎಂದು ತೀರ್ಮಾನವಾಗಿದೆ. ಎಲ್ಲರಿಗಿಂತ ಖುಷಿ ಕೆಮ್ಮು ಡಾಕ್ಟರಿಗೆ. ಅವರು ಈಗಲೂ ಒಳಗೆ ಬರುವ ಮುಂಚೆ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮುತ್ತಾರೆ. ಏಳು ವರ್ಷದಿಂದ ಅವರ ಸಂಶೋಧನೆಯೆಲ್ಲ ಈ ನಲವತ್ತೊಂದರ ಮೇಲೇ ಅಲ್ಲವೇ. ಬೇರೆಲ್ಲೂ ಇಲ್ಲದ ಪಾಚಿ. ನಿಮ್ಮ ದ್ವೀಪದ ಕೊಳವೊಂದರಿಂದಲೇ ಯಾವಾಗಲೋ ತಂದದ್ದು ಎಂದು ಹಳೆಯ ಕಾರ್ಡಿನಲ್ಲಿದೆ, ನೋಡಿದ್ದೀಯಾ?

ಖುಷಿಯ ಜೊತೆಗೇ ಹೆದರಿಕೆ. ಅಷ್ಟು ಜನರೆದುರು ನಾನು ಬಾಯಿ ಬಿಟ್ಟವಳೇ ಅಲ್ಲ. ಅಮ್ಮ ತೀರಿಕೊಂಡ ವರ್ಷ ನೀನೂ ಕೋಣೆಯಲ್ಲಿದ್ದೆ. ಬೆಳಕಿನ ದೀಪಗಳನ್ನೇನಾದರೂ ಬದಲಿಸಿದ್ದರೇ? ನೆನಪಿದ್ದರೆ ತಕ್ಷಣ ಬರಿ.

ಅಕ್ಕ


ಮಾರ್ಚ್ 4

ಅಕ್ಕನಿಗೆ,

ಕಳೆದ ದೋಣಿಗೆ ಉತ್ತರ ಬರೆಯಲಾಗಲಿಲ್ಲ. ಜ್ವರವಿತ್ತು. ಈಗ ಪರವಾಗಿಲ್ಲ.

ದೀಪಗಳ ವಿಷಯ ನನಗೆ ನೆನಪಿಲ್ಲ.

ನಿಮ್ಮ ಪ್ರಶ್ನೆಯ ಬಗ್ಗೆ ಯೋಚಿಸಿದೆ. ತಪ್ಪು ತಿಳಿಯಬೇಡಿ, ಇದು ನಿಮಗೆ ಬೇಕೇ? ಪೆನ್ಸಿಲ್ ಚಿತ್ರಗಳನ್ನು ಸಾಕ್ಷಿ ಎಂದು ಯಾರು ಒಪ್ಪುತ್ತಾರೆ? ಆಗಿನ ಸೂಕ್ಷ್ಮದರ್ಶಕವೂ ಹಳೆಯದು, ಗಾಜಿನಲ್ಲೇ ದೋಷವಿದ್ದಿರಬಹುದು. ಕೆಮ್ಮು ಡಾಕ್ಟರು ಇವತ್ತು ಖುಷಿಪಟ್ಟರೂ ನಾಳೆ ತಮ್ಮ ಕೆಲಸಕ್ಕೆ ಕುತ್ತು ಬರುತ್ತದೆ ಎನಿಸಿದರೆ ಎಲ್ಲರೆದುರು ನಿಮ್ಮನ್ನು ಹರಿದು ಹಾಕುತ್ತಾರೆ. ಅವರು ಹೇಗೆಂದು ನಿಮಗೆ ಗೊತ್ತು.

ಇದಕ್ಕಿಂತ ಸುರಕ್ಷಿತವಾದದ್ದು ತಗೊಳ್ಳಬಹುದಲ್ಲ. ಟ್ಯೂಬಿನ ಹತ್ತಿ ಬಿರಡೆಗೂ ರಬ್ಬರ್ ಬಿರಡೆಗೂ ಯಾವುದರಲ್ಲಿ ಕಡಿಮೆ ಬೂಷ್ಟು ಬರುತ್ತದೆ ಎಂದು ನೋಡಿದರೆ ಎಲ್ಲರಿಗೂ ಉಪಯೋಗ. ಎಣಿಸಿ ಹೇಳಿದರೆ ಮುಗಿಯಿತು, ಯಾರೂ ವಾದಿಸುವ ಹಾಗಿಲ್ಲ.

ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಮಿಡತೆ


ಮಾರ್ಚ್ 11

ಮಿಡತೆಗೆ,

ಬಿರಡೆ!

ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಬಿಡುತ್ತಿದ್ದೆ. ಟ್ಯೂಬು ತೊಳೆಯುವವಳಿಗೆ ಬಿರಡೆಯ ಪ್ರಶ್ನೆಯೇ ಸಾಕು ಎಂದು ನಿನಗೂ ಅನ್ನಿಸಿತಲ್ಲ.

ಒಂದು ಮಾತು ಕೇಳುತ್ತೇನೆ. ಐದು ವರ್ಷದ ಹಿಂದೆ ಮೇಲ್ವಿಚಾರಕಿಯ ಹುದ್ದೆ ನನಗೆ ಸಿಕ್ಕಿತು, ಮೂರೇ ವಾರದಲ್ಲಿ ನೀನು ಯಾರೂ ಹೋಗದ ದ್ವೀಪಕ್ಕೆ ಅರ್ಜಿ ಹಾಕಿದೆ. ಆಗ ಎಲ್ಲರೂ, "ನಿಮ್ಮ ಮೇಲೆ ಮುನಿಸು ಕಣ್ರೀ, ಅದಕ್ಕೇ ಹೋದ್ಲು," ಎಂದರು. ನಾನು ಅವರ ಬಾಯಿ ಮುಚ್ಚಿಸಿದ್ದೆ. ಈಗ ಅನಿಸುತ್ತಿದೆ, ಅವರೇ ಸರಿಯಿದ್ದರೋ ಏನೋ. ನನ್ನ ಕೈಯಲ್ಲಿ ಮೊದಲ ಬಾರಿಗೆ ಒಂದು ಒಳ್ಳೆಯದು ಆಗುತ್ತಿರುವಾಗ ನಿನಗೆ ಕಾಣಿಸಿದ್ದು ಹಳೆಯ ಗಾಜಿನ ದೋಷ.

ಮೇಡಂ ಒಂದು ಸಲಹೆ ಕೊಟ್ಟಿದ್ದಾರೆ. ಮಾತಾಡುವ ಮುಂಚೆ ನಲವತ್ತೊಂದನ್ನು ಅಕ್ಕಪಕ್ಕದ ಮೂವತ್ತೊಂಬತ್ತು, ನಲವತ್ತು, ನಲವತ್ತೆರಡರ ಜೊತೆ ಇಟ್ಟು ಒಣಗಿಸಿ ನೋಡಿ ಎಂದರು. ಒಣಗಿದಾಗ ನಲವತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನಲವತ್ತೊಂದು ಹಸಿರಾಗಿಯೇ ಉಳಿಯುತ್ತದೆ ಎಂದು ನನ್ನ ಹಳೆಯ ಪುಸ್ತಕದಲ್ಲಿದೆ. ಈಗಲೂ ಹಾಗೇ ಉಳಿದರೆ, ಬದಲಾದದ್ದು ರೂಪ ಮಾತ್ರ, ಗುಣ ಅದೇ ಎಂದು ಧೈರ್ಯವಾಗಿ ಹೇಳಬಹುದು. ಇವತ್ತು ಇಟ್ಟಿದ್ದೇನೆ. ಹನ್ನೆರಡು ದಿನ ಬೇಕು.

ಅಕ್ಕ


ಮಾರ್ಚ್ 18

ಅಕ್ಕ,

ಮುನಿಸಿನಿಂದ ನಾನು ಇಲ್ಲಿಗೆ ಬಂದದ್ದಲ್ಲ. ದಯವಿಟ್ಟು ಅದನ್ನು ನಂಬಿ.

ಉಳಿದದ್ದನ್ನು ಬರೆಯಬೇಕು. ನಾಲ್ಕು ಹಾಳೆ ಬರೆದು ಹರಿದೆ. ದೋಣಿಯವರು ಕೆಳಗೆ ಕೂಗುತ್ತಿದ್ದಾರೆ. ಮುಂದಿನ ದೋಣಿಗೆ ನನ್ನ ಪತ್ರ ಖಂಡಿತ ಬರುತ್ತದೆ, ಅದು ಕೈಗೆ ಸಿಗುವವರೆಗೆ ಯಾರ ಹತ್ತಿರವೂ ಏನೂ ಹೇಳಬೇಡಿ. ಸಭೆಯ ದಿನವನ್ನು ಮುಂದೆ ಹಾಕಿಸಿ. ಜ್ವರ ಎನ್ನಿ, ಹಲ್ಲುನೋವು ಎನ್ನಿ, ಏನಾದರೂ ಹೇಳಿ.

ಮಿಡತೆ


ಏಪ್ರಿಲ್ 15

ಮಿಡತೆ,

ನೀನು ಹೇಳಿದ್ದ ಪತ್ರ ಬರಲಿಲ್ಲ. ಈ ಸಲ ಗಾಳಿಗೆ ದೋಣಿಯೇ ಹೊರಡಲಿಲ್ಲ ಎಂದರು. ಅದರಲ್ಲಿ ಏನಿತ್ತೋ. ಇನ್ನು ಅದರಿಂದ ಆಗಬೇಕಾದದ್ದೂ ಏನಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಹೋಗಿ ನೋಡಿದೆ. ನಲವತ್ತು ಕಿತ್ತಳೆಯಾಗಿತ್ತು. ನಲವತ್ತೊಂದೂ ಕಿತ್ತಳೆಯಾಗಿತ್ತು. ಅದೇ ದಿನ, ಅದೇ ಬಣ್ಣ. ಮೇಲಿನ ಮಹಡಿಯವರು ಎರಡರ ಡಿಎನ್‌ಎ ನೋಡಿ, ಒಂದೇ ಎಂದರು. ಬದಲಾದದ್ದು ಏನೂ ಇರಲಿಲ್ಲ. ನಲವತ್ತೊಂದು ಎಂದೋ ಸತ್ತಿದೆ, ಆ ಸಂಖ್ಯೆಯ ಟ್ಯೂಬಿನಲ್ಲಿ ಇಷ್ಟು ವರ್ಷ ನಲವತ್ತು ಕೂತಿದೆ.

ದಾಟಿಸಿದ ದಿನಗಳ ಪುಸ್ತಕ ತೆಗೆದೆ. ಒಂಬತ್ತು ವರ್ಷದ ಹಿಂದಿನ ಒಂದು ತಿಂಗಳು, ಅಮ್ಮ ಆಸ್ಪತ್ರೆಯಲ್ಲಿದ್ದ ಸಮಯ. ಬೇರೆ ಎಲ್ಲ ತಿಂಗಳೂ ನಲವತ್ತೊಂದರ ಮುಂದೆ "ಎರಡು ಟ್ಯೂಬು" ಎಂದಿದೆ, ಆ ತಿಂಗಳು "ಮತ್ತೆ ಎರಡು" ಎಂದಿದೆ. ಪುಟದ ಕೆಳಗೆ ಸಹಿ ನನ್ನದು. ಆಸ್ಪತ್ರೆಯಿಂದ ನೇರ ಬಂದು, ಎರಡು ಗಂಟೆ ಕೆಲಸ ಮಾಡಿ ಮತ್ತೆ ಓಡುತ್ತಿದ್ದ ದಿನಗಳು. ಆ ಟ್ಯೂಬು ಹಿಡಿದದ್ದು ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ನೆನಪಿಲ್ಲದೆಯೇ ಕೈ ಮಾಡಿಬಿಟ್ಟಿದೆ.

ಜ್ವರ ಎನ್ನಲಿಲ್ಲ, ಹಲ್ಲುನೋವು ಎನ್ನಲಿಲ್ಲ. ಗುರುವಾರ ಎದ್ದು ನಿಂತು ಹತ್ತು ನಿಮಿಷವೂ ಇದನ್ನೇ ಹೇಳಿದೆ. ಕಡೆಯಲ್ಲಿ, "ಇದು ನನ್ನ ತಪ್ಪು," ಎಂದೆ. ಕೆಮ್ಮು ಡಾಕ್ಟರು ಕೆಮ್ಮದೆಯೇ ಎದ್ದರು. "ಏಳು ವರ್ಷ ನಾನು ಬರೆದದ್ದು ಯಾರ ಬಗ್ಗೆ ಅಮ್ಮಾ?" ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆಲ್ಲಗೆ ಕೇಳಿದರು.

ಮರುದಿನ ಮೇಡಂ ಕರೆದರು. ವಿಚಾರಣೆಯ ಸಮಿತಿ ನೋಡುವವರೆಗೆ ಪಾಚಿ ಕೋಣೆಯ ಬೀಗದ ಕೈ ಕೊಟ್ಟು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ಜೋಡಿಸಬೇಕಂತೆ. "ಇದು ಶಿಕ್ಷೆ ಅಲ್ಲ," ಎಂದರು. "ಸರಿ ಮೇಡಂ," ಎಂದೆ. ಅವರ ಮುಖವೂ ಚೆನ್ನಾಗಿರಲಿಲ್ಲ. ನೋಟಿಸ್ ಬೋರ್ಡಿನ ಹಾಳೆ ಇನ್ನೂ ಇದೆ. ನಿನ್ನೆ ಅದರ ಕೆಳಗೆ ಯಾರೋ "ಗ್ರಂಥಾಲಯಕ್ಕೆ ಸ್ವಾಗತ" ಎಂದು ಗೀಚಿದ್ದಾರೆ. ನನ್ನ ನಂತರ ಮಾತಾಡಿದ ಮೂವರ ಕೆಲಸದಲ್ಲೂ ಒಂದೇ ಒಂದು ತಪ್ಪು ಇರಲಿಲ್ಲ. ಡ್ರೈವರ್ ತನ್ನ ಸರದಿ ಬೇಡವೆಂದು ಹೆಸರು ತೆಗೆಸಿಕೊಂಡ.

ಆವತ್ತು ನಿನ್ನ ಮೇಲೆ ಬರೆದದ್ದಕ್ಕೆ ಕ್ಷಮಿಸು. ಬಿರಡೆಯೇ ನನಗೆ ಸರಿಯಾಗಿತ್ತು.

ನನ್ನನ್ನು ಕಾಡುತ್ತಿರುವುದು ಒಂದೇ. ಇನ್ನೂರು ಟ್ಯೂಬುಗಳಲ್ಲಿ ಇನ್ನೆಷ್ಟನ್ನು ಹೀಗೆ ಮಾಡಿದ್ದೇನೆ? ಮನೆಯಲ್ಲಿ ಉಪ್ಪಿನ ಡಬ್ಬಿಗೂ ಸಕ್ಕರೆ ಡಬ್ಬಿಗೂ ಎರಡೆರಡು ಸಲ ನಾಲಗೆ ತಾಗಿಸಿ ನೋಡುತ್ತೇನೆ.

ಅಕ್ಕ


ಏಪ್ರಿಲ್ 29

ಅಕ್ಕ,

ಇದು ನಿಮ್ಮ ಕೈ ಮಾಡಿದ್ದಲ್ಲ. ನಾನು ಮಾಡಿದ್ದು.

ಕಳೆದ ದೋಣಿಗೆಂದು ಬರೆದಿಟ್ಟ ಪತ್ರದಲ್ಲೂ ಇದನ್ನೇ ಬರೆದಿದ್ದೆ. ಆದರೆ ಅದರಲ್ಲಿ ಅರ್ಧ ಪುಟ ಕಾರಣಗಳೇ ಇದ್ದವು. ಅದನ್ನು ಒಲೆಗೆ ಹಾಕಿ ಮೊದಲಿಂದ ಬರೆಯುತ್ತಿದ್ದೇನೆ.

ನಾನು ಸೇರಿ ನಾಲ್ಕು ತಿಂಗಳಾಗಿತ್ತು. ನಿಮ್ಮ ತಾಯಿಯವರಿಗೆ ಹುಷಾರಿಲ್ಲದೆ ನೀವು ಬಂದು ಹೋಗಿ ಮಾಡುತ್ತಿದ್ದಿರಿ. ಹೊಸ ಟ್ಯೂಬು ಹಸಿರಾಗುವವರೆಗೆ ಹಳೆಯ ಜೋಡಿಯನ್ನು ಎಸೆಯಬಾರದು, ನೀವು ನನಗೆ ಕಲಿಸಿದ ಮೊದಲ ನಿಯಮ ಅದು. ಶೆಲ್ಫಿನಲ್ಲಿ ಜಾಗ ಇರಲಿಲ್ಲ. ನೀವು ಬರುವಷ್ಟರಲ್ಲಿ ಎಲ್ಲ ಚೊಕ್ಕವಾಗಿರಲಿ ಎಂದು ಹಳೆಯದನ್ನೆಲ್ಲ ಹಬೆಗೆ ಹಾಕಿ ತೊಳೆದೆ. ಮೂರು ವಾರವಾದರೂ ನಲವತ್ತೊಂದರ ಹೊಸ ಟ್ಯೂಬುಗಳು ಬೆಳ್ಳಗೇ ಇದ್ದವು. ನಾಲ್ಕನೇ ವಾರ ನಲವತ್ತರಿಂದ ಎರಡು ಚಿಟಿಕೆ ತೆಗೆದು ನಲವತ್ತೊಂದು ಎಂದು ಬರೆದೆ. ಪುಸ್ತಕದಲ್ಲಿ "ಮತ್ತೆ ಎರಡು" ಎಂದು ಬರೆದದ್ದೂ ನಾನೇ. ತರಬೇತಿಯವಳಿಗೆ ಸಹಿ ಹಾಕುವ ಅಧಿಕಾರ ಇರಲಿಲ್ಲ. ಸೋಮವಾರ ನೀವು ಆಸ್ಪತ್ರೆಯಿಂದ ಬಂದಾಗ ಪುಟ ತೆರೆದು ಮುಂದಿಟ್ಟೆ. "ಎಲ್ಲ ಸರಿಯಾಗಿದೆಯೇನೇ?" ಎಂದಿರಿ. "ಸರಿಯಾಗಿದೆ ಅಕ್ಕ," ಎಂದೆ. ನೀವು ಓದದೆ ಸಹಿ ಹಾಕಿದಿರಿ. ನಿಮಗೆ ನೆನಪಿಲ್ಲದಿರುವುದು ನೀವು ಆ ಟ್ಯೂಬನ್ನು ಮುಟ್ಟಿಯೇ ಇಲ್ಲ ಎಂಬ ಕಾರಣಕ್ಕೆ.

ನಿಮ್ಮ ತಾಯಿಯವರ ಕಾರ್ಯ ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಇವತ್ತು ನಾಳೆ ಎನ್ನುತ್ತಲೇ ಎರಡು ವರ್ಷ ಕಳೆಯಿತು, ಕೆಮ್ಮು ಡಾಕ್ಟರು ಅದನ್ನು ತಮ್ಮ ಕೆಲಸಕ್ಕೆ ತಗೊಂಡರು. ಅವರ ಮೊದಲ ಲೇಖನ ಬಂದಾಗ ಎಲ್ಲರಿಗೂ ಸಿಹಿ ಹಂಚಿದರು. ನಾನೂ ತಿಂದೆ.

ದ್ವೀಪಕ್ಕೆ ಬಂದದ್ದು ಇದಕ್ಕೇ. ಮೊದಲು ಅದನ್ನು ತಂದದ್ದು ಇಲ್ಲಿಂದ ಎಂದು ಕಾರ್ಡಿನಲ್ಲಿ ನಾನೂ ಓದಿದ್ದೆ. ಐದು ವರ್ಷದಿಂದ ಇಲ್ಲಿನ ಮೂವತ್ತು ಕೊಳಗಳಿಗೂ ಇಳಿದಿದ್ದೇನೆ. ಸಿಕ್ಕಿದರೆ ಸದ್ದಿಲ್ಲದೆ ತಂದು ಟ್ಯೂಬಿನಲ್ಲಿಟ್ಟು, ಯಾರಿಗೂ ಗೊತ್ತಾಗದಂತೆ ಎಲ್ಲ ಸರಿಮಾಡಬಹುದು ಎಂದುಕೊಂಡಿದ್ದೆ. ಸಿಗಲಿಲ್ಲ. ಸಿಕ್ಕಿದ್ದರೂ ನನಗೆ ಗುರುತು ಹತ್ತಿತೋ ಇಲ್ಲವೋ.

ಇದೇ ದೋಣಿಯಲ್ಲಿ ಮೇಡಂಗೆ ಬೇರೆ ಲಕೋಟೆಯಲ್ಲಿ ಎಲ್ಲ ಬರೆದು ಕಳಿಸಿದ್ದೇನೆ. ಸಮಿತಿಗೆ ಬರಲು ಸಿದ್ಧ ಎಂದಿದ್ದೇನೆ. ಜೊತೆಗೆ ಒಂದು ಪೆಟ್ಟಿಗೆ ಇದೆ, ಹದಿನೇಳು ಸೀಸೆ ಕೊಳದ ನೀರು. ಕೇಳುವ ಮುಖ ನನಗಿಲ್ಲ. ಆದರೂ ಚಪ್ಪಟೆ ಪಕ್ಕ, ಮಸುಕಾದ ಚುಕ್ಕೆಯನ್ನು ಕಂಡವರು ನೀವೊಬ್ಬರೇ.

ಮಿಡತೆ


ಮೇ 27

ನಿನ್ನ ಪತ್ರ ಬಂದು ಎರಡು ದೋಣಿ ಕಳೆದವು. ಬೇಕೆಂದೇ ಬಿಟ್ಟೆ.

ಆಗಿದ್ದನ್ನು ಹೇಳುತ್ತೇನೆ. ಮೇಡಂ ನಿನ್ನ ಪತ್ರ ಓದಿ ತಾವೇ ಗ್ರಂಥಾಲಯಕ್ಕೆ ಬಂದು ಬೀಗದ ಕೈ ಕೊಟ್ಟರು. "ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ಶಿಕ್ಷೆಯೇ ಆಗಿತ್ತು. ನಾನು ಹೆದರಿದೆ," ಎಂದರು. ಗುರುವಾರ ಎಲ್ಲರೆದುರು ಮತ್ತೆ ಅದನ್ನೇ ಹೇಳಿದರು. ಆ ಹತ್ತು ನಿಮಿಷ ಅವರ ಸರದಿಯಾಗಿತ್ತು. ಅದಾದ ಮೇಲೆ ಡ್ರೈವರ್ ತನ್ನ ಹೆಸರನ್ನು ಮತ್ತೆ ಸೇರಿಸಿದ್ದಾನೆ. ನಿನ್ನ ಪತ್ರವನ್ನು ಸಭೆಯಲ್ಲಿ ಓದಲೇ ಎಂದು ನನ್ನನ್ನು ಕೇಳಿದರು. ಬೇಡ, ಅವಳು ಬಂದು ಅವಳ ಬಾಯಲ್ಲೇ ಹೇಳಲಿ ಎಂದೆ. ಸಮಿತಿ ಆಗಸ್ಟ್‌ನಲ್ಲಿ. ಏನಾಗುತ್ತದೋ ನನಗೆ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಕೆಮ್ಮು ಡಾಕ್ಟರು ತಮ್ಮ ಲೇಖನಗಳಿಗೆಲ್ಲ ತಿದ್ದುಪಡಿ ಬರೆಯಲು ಕೂತಿದ್ದಾರೆ. ಬಾಗಿಲಲ್ಲಿ ಕೆಮ್ಮುವುದನ್ನು ಬಿಟ್ಟಿದ್ದಾರೆ.

ಟ್ಯೂಬು ಸತ್ತದ್ದಕ್ಕೆ ನನಗೆ ಸಿಟ್ಟಿಲ್ಲ. ಟ್ಯೂಬುಗಳು ಸಾಯುತ್ತವೆ, ನನ್ನ ಕೈಯಲ್ಲೂ ಸತ್ತಿವೆ. ಸುಳ್ಳು ಲೇಬಲಿಗೂ ಅಲ್ಲ, ಆಗ ನೀನು ಚಿಕ್ಕವಳು. ಫೆಬ್ರವರಿಯಲ್ಲಿ ನನ್ನ ಪತ್ರ ಓದಿದೆಯಲ್ಲ, ಆವತ್ತೇ ನಿನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಕಣ್ಣಿನಲ್ಲಿ ದೋಷ ಹುಡುಕಿದೆ. ಇಪ್ಪತ್ತೆರಡು ವರ್ಷ ನನ್ನ ಹತ್ತಿರ ಇದ್ದ ಆಸ್ತಿ ಅದೊಂದೇ. ಬೀಗ ತೆಗೆದು ಒಳಗೆ ಹೋದ ಮೊದಲ ದಿನ ಬರ್ನರ್ ಹಚ್ಚಿ ಚಿಟಿಕೆ ತೆಗೆಯುವ ತಂತಿ ಕಾಯಿಸಿದೆ, ಟ್ಯೂಬಿನ ಬಾಯಿಯ ಹತ್ತಿರ ಕೈ ನಿಲ್ಲಿಸಿ ಅದರ ಸಂಖ್ಯೆಯನ್ನು ಮೂರು ಸಲ ಓದಿದೆ. ಈಗಲೂ ಹಾಗೇ ಮಾಡುತ್ತೇನೆ. ನಿನ್ನ ತಪ್ಪು ಎಂದು ತಲೆಗೆ ಗೊತ್ತು, ಕೈಗೆ ಇನ್ನೂ ಗೊತ್ತಾಗಿಲ್ಲ.

ಸೀಸೆಗಳನ್ನು ನೋಡಿದೆ. ಗುರುವಾರಗಳನ್ನೆಲ್ಲ ಅದಕ್ಕೇ ಇಟ್ಟಿದ್ದೇನೆ, ಕೇಳಿದವರಿಗೆ ನನ್ನ ಹೊಸ ಪ್ರಶ್ನೆ ಅದೇ ಎನ್ನುತ್ತೇನೆ. ಹದಿನೇಳರಲ್ಲೂ ಇಲ್ಲ. ಒಂಬತ್ತನೆಯದರಲ್ಲಿ ಸಿಕ್ಕಿತು ಎಂದುಕೊಂಡು ಪೆನ್ಸಿಲ್ ತೆಗೆದೆ, ಅದಲ್ಲ. ನೀನು ಎಲ್ಲವನ್ನೂ ಬಿಸಿಲಿನ ಕಡೆಯಿಂದ ತುಂಬಿದ್ದೀಯ. ನೆರಳಿನ ಬದಿಯಲ್ಲಿ, ಕಲ್ಲಿನ ಅಡಿಯಲ್ಲಿ ನೋಡು. ನೀರನ್ನು ಮಾತ್ರ ಅಲ್ಲ, ಕಲ್ಲಿಗೆ ಅಂಟಿದ್ದನ್ನು ಕೆರೆದು ಹಾಕು. ಸೀಸೆಯ ಬಾಯಿವರೆಗೆ ತುಂಬಬೇಡ, ಒಳಗೆ ಸ್ವಲ್ಪ ಗಾಳಿ ಇರಲಿ.

ಇನ್ನು ಕೆಲವು ದಿನ ನನಗೆ ಪತ್ರ ಬೇಡ. ಸೀಸೆ ಕಳಿಸು, ಸಾಕು.

ದೋಣಿಯ ದಿನ ಬದಲಾದರೆ ಮಾತ್ರ ಒಂದು ಸಾಲು ಬರಿ.